ಏನ್ ಕೊಟ್ರೂ ನಡೀತೈತಿ

ಬ್ಯಾಡಗಿ ಪೇಟೆಯ ಮಹಡಿಕೋಣೆ.
ಕೆಳಗೆ ಶಾಂತವೀರಯ್ಯನವರ ದಲಾಲಿ ಅಂಗಡಿ,
ಮೇಲೆ ನಾನು, ಒಂದು ಕಂಪ್ಯೂಟರು, ಎರಡು ಸೀನು.
ಮೂರನೆಯದು ಬರುತ್ತದೋ ಇಲ್ಲವೋ ಎಂದು
ಬಾಯಿ ತೆರೆದು ಕೂತಿರುವಾಗಲೇ
ಟೆಂಡರು ಮುಗಿಯುತ್ತದೆ.

ದರ ಒಂದೇ, ಕೇಳುವವರು ಹಲವರು.
ವಾಶಿಯ ಖರೀದಿದಾರನಿಗೆ ಎಕ್ಸೆಲ್ ಹಾಳೆ,
ಲಾಟು, ತೂಕ, ತೇವ, ಬಣ್ಣ, ಬೆಲೆ,
ಬಿತ್ತಿದ ಸಾಲಿನ ಹಾಗೆ ನೆಟ್ಟಗೆ.
ಮೊಬೈಲ್ ಆ್ಯಪಿಗೆ ಅಂದಚೆಂದ ಬೇಡ,
ಮೀಸೆಯಂಥ ಎರಡು ಆವರಣದ ನಡುವೆ
ಹೆಸರು, ಎರಡು ಚುಕ್ಕಿ, ಅಂಕಿ. ಅದು ಜೇಸನ್.
ಶಾಂತವೀರಯ್ಯನವರಿಗೆ ಕಾಗದವೇ ಆಗಬೇಕು,
ದಪ್ಪ ಅಕ್ಷರ, ನೆತ್ತಿಗೆ ಶ್ರೀ, ಬುಡದಲ್ಲಿ ಸಹಿಗೆ ಜಾಗ.
ಶ್ರೀ ಇಲ್ಲದ ಪಟ್ಟಿ ಅವರ ಕಣ್ಣಿಗೆ ಖಾಲಿ ಹಾಳೆ.
ಹಮಾಲ ದಾದಾಪೀರ ಮಾತ್ರ
ಬೆನ್ನ ಮೇಲಿನ ಚೀಲ ಇಳಿಸದೆ ಮೆಟ್ಟಿಲ ಬುಡದಿಂದ
"ಡಬ್ಬಿ ಎಷ್ಟಕ್ಕ ಹೋತ್ರೀ?" ಅನ್ನುತ್ತಾನೆ.
ಅವನಿಗೆ ಒಂದೇ ಅಂಕಿ.
ಎರಡನೆಯದಕ್ಕೆ ಅವನು ನಿಲ್ಲುವುದಿಲ್ಲ.

ಬರುವ ಪ್ರತಿ ಕೋರಿಕೆಯ ಹಣೆಗೂ ಒಂದು ಚೀಟಿ:
ನನಗೆ ಇಂಥದು ಆಗುತ್ತದೆ, ಇಂಥದು ಆಗುವುದಿಲ್ಲ,
ಇದಿಲ್ಲದಿದ್ದರೆ ಅದು, ಅದೂ ಇಲ್ಲದಿದ್ದರೆ ನೋಡೋಣ.
ಬೀಗರ ಊಟದ ಹಾಗೆ.
ಚೀಟಿ ಓದಿ, ಅಚ್ಚು ಆರಿಸಿ,
ಅಂಕಿ ಸುರಿದು ಕಳಿಸುವುದು ನನ್ನ ಕೆಲಸ.
ಅಚ್ಚಿಗೆ ವ್ಯೂ ಎನ್ನುತ್ತೇವೆ. ನೋಟ.

ಕೆಲವರು ಚೀಟಿಯಲ್ಲಿ ಬರೆಯುವುದು
ಒಂದು ನಕ್ಷತ್ರ, ಓರೆಗೆರೆ, ಇನ್ನೊಂದು ನಕ್ಷತ್ರ.
ಏನ್ ಕೊಟ್ರೂ ನಡೀತೈತಿ ಎಂದರ್ಥ.
ಆಗ ಯಂತ್ರ ಯೋಚಿಸುವುದಿಲ್ಲ,
ಪಟ್ಟಿಯ ಮೊದಲ ಅಚ್ಚನ್ನೇ ಕೊಟ್ಟು ಕೈತೊಳೆಯುತ್ತದೆ.
ಏನರ ಮಾಡು ಅಂದವರಿಗೆಲ್ಲ
ನಮ್ಮ ಮನೆಯಲ್ಲಿ ಜುಣಕವೇ ಗತಿ.

ಗುರುವಾರ ಗಾಳೆವ್ವ ಮೆಟ್ಟಿಲು ಹತ್ತಿ ಬಂದಳು,
ತುಂಬು ಬಿಡಿಸುವ ಶೆಡ್ಡಿನವಳು,
ಬೆರಳಿಗೆಲ್ಲ ಕೊಬ್ಬರಿಎಣ್ಣೆ.
"ಯವ್ವಾ, ನಾ ಬಿಡಿಸಿದ್ದು ಎಷ್ಟಕ್ಕ ಹೋತು, ನೋಡು."
ಲಾಟ್ ನಂಬರ್ ಕೇಳಿದೆ.
"ನಂಬರಾ? ಮಂಗಳವಾರ ಬಿಡಿಸಿದ್ದು.
ಬಾಜೂಕ ಮೈರುನ್ ಕುಂತಿದ್ಲು."

ಹುಡುಕಿದೆ. ಬೆಳೆದವನ ಹೆಸರಿದೆ, ದಲಾಲಿಯದಿದೆ,
ಕೊಂಡವನ ಗುಟ್ಟಿನ ಸಂಕೇತವೂ ಇದೆ.
ತುಂಬು ಬಿಡಿಸಿದ ಕೈಗೆ ಕಾಲಂ ಇಲ್ಲ.
ತಪ್ಪಾಯಿತು ಎನ್ನಲಿಲ್ಲ ಯಂತ್ರ, ಇನ್ನೂರ ನಾಲ್ಕು ಅಂದಿತು:
ಕೆಲಸ ಆಗಿದೆ, ಹೇಳುವುದೇನೂ ಇಲ್ಲ.
ಹಾಗೆ ಹೇಳಲು ಕಲಿಸಿದವಳೂ ನಾನೇ.

"ಹ್ಯಾಂಗ ಕೊಡ್ಲಿ ಗಾಳೆವ್ವ? ಓದಿ ಹೇಳ್ಲಾ, ಬರದ ಕೊಡ್ಲಾ?"
"ಏನ್ ಕೊಟ್ರೂ ನಡೀತೈತಿ."
ಮೊದಲ ಅಚ್ಚೇ ಕೊಟ್ಟೆ.
ಆ ದಿನದ ಮುನ್ನೂರ ಹನ್ನೊಂದು ಸಾಲು, ನೆತ್ತಿಗೆ ಶ್ರೀ.
ಹಾಳೆಯನ್ನು ಮೂಗಿಗೆ ಹಿಡಿದಳು.
"ಬರೇ ಶಾಯಿ ನಾತ."

ಇಬ್ಬರೂ ಕೆಳಗಿಳಿದೆವು.
ಚೀಲಗಳ ಬಾಯಿ ಇನ್ನೂ ಹೊಲಿದಿರಲಿಲ್ಲ.
ಒಂದೊಂದಕ್ಕೂ ಮೊಣಕೈ ತನಕ ಕೈ ಇಳಿಸಿ,
"ಇದು ಕಡ್ಡಿ... ಇದು ಮೈರುನ್‌ದು, ಅಕಿ ಉಗುರು ಉದ್ದ...
ಇದು ಯಾರೋ ಸಿಟ್ಟಿಲೆ ಬಿಡಿಸ್ಯಾರ."
ಹದಿನಾಲ್ಕನೆಯ ಚೀಲದಲ್ಲಿ ಕೈ ನಿಂತಿತು.
"ಇದ. ಟೊಪ್ಪಿಗಿ ಅಷ್ಟ ತಗದೇನಿ, ಕಾಯಿ ಹರದಿಲ್ಲ.
ಬೀಜ ಉದುರ್ಯಾವೇನ್ ನೋಡು."
ನೋಡಿದೆ. ಚೀಲಕ್ಕೆ ನಂಬರಿತ್ತು. ದರ ಹೇಳಿದೆ.
ಹೆಚ್ಚಾಯಿತು ಎನ್ನಲಿಲ್ಲ, ಕಡಿಮೆ ಎನ್ನಲಿಲ್ಲ,
ಒಂದು ಕಾಯಿ ನನ್ನ ಅಂಗೈಗಿಟ್ಟಳು.
ಮೂರನೆಯ ಸೀನು ಆಗ ಬಂತು. ಅವಳು ನಕ್ಕಳು.

ರಾತ್ರಿ ಹೊಸ ಕಾಲಂ ಒಂದನ್ನು ಸೇರಿಸಿದೆ.
ಸೇರಿಸುವುದೇನು, ಒಂದು ಸಾಲಿನ ಕೆಲಸ.
ತುಂಬುವವರು ಯಾರು? ಮೈರುನ್‌ಳ ಉಗುರಿನ ಉದ್ದ
ಯಾವ ಅಚ್ಚಿನಲ್ಲಿ ಕೂರುತ್ತದೆ?
ಟೆಂಪ್ಲೇಟ್ ಸಿಗಲಿಲ್ಲ ಎಂದು ಪರದೆ ಕೆಂಪಾಯಿತು,
ನಮ್ಮೂರ ಕಾಯಿಯ ಹಾಗೆ,
ಬಣ್ಣ ಬಹಳ, ಖಾರ ಅಷ್ಟಕ್ಕಷ್ಟೆ.
ಇರಲಿ ಎಂದು ಹಾಗೇ ಬಿಟ್ಟು
ದೀಪ ಆರಿಸಿದೆ.